ಸ್ವಂತವಾಗಿ ಸಿದ್ಧಪಡಿಸಿದ ತಂತ್ರಾಂಶವನ್ನು ಪ್ಯಾಕೇಜು ನಿರ್ವಾಹಕವು ಹಿಂದಿನ ಆವೃತ್ತಿಗೆ ಇಳಿಸದಂತೆ ತಡೆಯುವ ಕ್ರಮ

ಸಾರ್ವಜನಿಕರ ಮಾಹಿತಿಗಾಗಿ: ಲಿನಕ್ಸ್ ಆಧಾರಿತ ಗಣಕಯಂತ್ರದಿಂದ ಕನ್ನಡದಲ್ಲಿ ಅರ್ಜಿ ಸಲ್ಲಿಸುವ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಅರ್ಜಿದಾರರಿಗೆ

1. ಪೀಠಿಕೆ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಮೇಲ್ಕಂಡ ನಾಲ್ಕು ತಾಲ್ಲೂಕುಗಳ ನಾಗರಿಕರು ಜಾತಿ, ಆದಾಯ, ವಾಸಸ್ಥಳ ಮುಂತಾದ ದೃಢೀಕರಣ ಪತ್ರಗಳಿಗಾಗಿ ನಾಡಕಚೇರಿಯಲ್ಲಾಗಲಿ, ಗ್ರಾಮ ಒನ್ ಕೇಂದ್ರದಲ್ಲಾಗಲಿ, ಅಥವಾ ಸೇವಾಸಿಂಧು ಜಾಲತಾಣದ ಮೂಲಕ ಸ್ವಂತ ಗಣಕಯಂತ್ರದಿಂದಾಗಲಿ ಅರ್ಜಿ ಸಲ್ಲಿಸಬಹುದಾಗಿದೆ. ಸ್ವಂತ ಗಣಕಯಂತ್ರದಲ್ಲಿ ಡೆಬಿಯನ್, ಉಬುಂಟು ಮೊದಲಾದ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸುವವರು ಕನ್ನಡ ಕೀಲಿಮಣೆಯ ವಿನ್ಯಾಸವನ್ನೋ ಅಕ್ಷರಶೈಲಿಯನ್ನೋ ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿ, ಮೂಲ ಸಂಕೇತದಿಂದ ತಾವೇ ಸಿದ್ಧಪಡಿಸಿಕೊಳ್ಳುವುದುಂಟು. ಕೆಲವು ದಿನಗಳ ನಂತರ ವ್ಯವಸ್ಥೆಯು ಪರಿಷ್ಕರಣೆಗೊಂಡಾಗ ಆ ತಿದ್ದುಪಡಿಯು ಮಾಯವಾಗಿ ಹಳೆಯ ತಂತ್ರಾಂಶವೇ ಮರಳಿ ಬಂದಿರುತ್ತದೆ.

ಇದು ಕೇವಲ ತಾಂತ್ರಿಕ ತೊಡಕಲ್ಲ. ಉದಾಹರಣೆಗೆ, ‘ಮೋಹನ್‌ಕುಮಾರ್’ ಎಂಬ ಹೆಸರಿನಲ್ಲಿ ‘ನ್’ ಅಕ್ಷರದ ನಂತರ ಕಣ್ಣಿಗೆ ಕಾಣದ ಒಂದು ವಿಭಜಕ ಸಂಕೇತವಿರುತ್ತದೆ. ಕೀಲಿಮಣೆಯ ವಿನ್ಯಾಸವು ಆ ಸಂಕೇತವನ್ನು ನೀಡದಿದ್ದಲ್ಲಿ ಅದೇ ಹೆಸರು ‘ಮೋಹನ್ಕುಮಾರ್’ ಎಂದು ಒತ್ತಕ್ಷರವಾಗಿ ಮೂಡುತ್ತದೆ. ಓದುವವರಿಗೆ ಎರಡೂ ಒಬ್ಬರೇ ಆದರೂ, ಅಕ್ಷರಕ್ಕೆ ಅಕ್ಷರ ಹೋಲಿಸುವ ಗಣಕಯಂತ್ರಕ್ಕೆ ಅವು ಎರಡು ಬೇರೆ ಹೆಸರುಗಳು. ವಿದ್ಯಾರ್ಥಿವೇತನ ಅಥವಾ ಕಾಲೇಜು ಪ್ರವೇಶದ ಕೊನೆಯ ದಿನ ಸಮೀಪಿಸಿರುವಾಗ ಅರ್ಜಿಯಲ್ಲಿನ ಹೆಸರು ದಾಖಲೆಯೊಂದಿಗೆ ತಾಳೆಯಾಗದಿದ್ದರೆ ಅರ್ಜಿದಾರರು ತೊಂದರೆಗೆ ಒಳಗಾಗಬೇಕಾಗುತ್ತದೆ. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಸೂಚನೆ: ಈ ಪುಟದಲ್ಲಿ ಆದೇಶಗಳು ಹಾಗೂ ಕಡತಕೋಶಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಗಣಕಯಂತ್ರದ ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ ನಮೂದಿಸತಕ್ಕದ್ದು.

2. ಬಳಸಲಾದ ಪದಗಳ ಅರ್ಥ

ಪ್ಯಾಕೇಜು: ಒಂದು ತಂತ್ರಾಂಶದ ಎಲ್ಲ ಕಡತಗಳನ್ನು ಹೆಸರು ಮತ್ತು ಆವೃತ್ತಿ ಸಂಖ್ಯೆಯೊಂದಿಗೆ ಒಟ್ಟುಗೂಡಿಸಿದ ಕಟ್ಟು.

ಭಂಡಾರ: ಕಾರ್ಯಾಚರಣ ವ್ಯವಸ್ಥೆಯನ್ನು ವಿತರಿಸುವವರು ಪ್ಯಾಕೇಜುಗಳನ್ನು ಅಂತರಜಾಲದಲ್ಲಿ ಇರಿಸುವ ಅಧಿಕೃತ ಸ್ಥಳ.

ಪ್ಯಾಕೇಜು ನಿರ್ವಾಹಕ: ಭಂಡಾರದಿಂದ ಪ್ಯಾಕೇಜುಗಳನ್ನು ತಂದು ಅಳವಡಿಸುವ, ಪರಿಷ್ಕರಿಸುವ ಮತ್ತು ತೆಗೆದುಹಾಕುವ ತಂತ್ರಾಂಶ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಕಡತಗಳನ್ನು ಅಳವಡಿಸುವ ಕೆಲಸವನ್ನು ‘ಡಿಪಿಕೆಜಿ’ಯೂ, ಯಾವ ಆವೃತ್ತಿ ಬೇಕೆಂದು ತೀರ್ಮಾನಿಸಿ ತರುವ ಕೆಲಸವನ್ನು ‘ಆಪ್ಟ್’ ಸಹ ನಿರ್ವಹಿಸುತ್ತವೆ.

ಸ್ವಂತ ಪ್ಯಾಕೇಜು: ಬಳಕೆದಾರರು ಮೂಲ ಸಂಕೇತವನ್ನು ತಿದ್ದಿ ತಮ್ಮ ಯಂತ್ರದಲ್ಲಿಯೇ ಸಿದ್ಧಪಡಿಸಿಕೊಂಡ ಪ್ಯಾಕೇಜು.

3. ಹೀಗಾಗಲು ಕಾರಣಗಳು

ಪ್ಯಾಕೇಜು ನಿರ್ವಾಹಕವು ತಂತ್ರಾಂಶದ ಗುಣವನ್ನು ಅಳೆಯುವುದಿಲ್ಲ. ಆವೃತ್ತಿ ಸಂಖ್ಯೆಯನ್ನು ಮಾತ್ರ ಹೋಲಿಸುತ್ತದೆ. ಕೆ.ಆರ್.ಎಸ್. ಜಲಾಶಯದ ಅಳತೆಪಟ್ಟಿಯು ನೀರು 124.80 ಅಡಿಯ ಗರಿಷ್ಠ ಮಟ್ಟವನ್ನು ಮುಟ್ಟಿದೆಯೇ ಎಂಬುದನ್ನು ತಿಳಿಸುತ್ತದೆಯೇ ಹೊರತು, ಆ ನೀರು ಕಾವೇರಿಯದೋ, ಹೇಮಾವತಿಯದೋ, ಲಕ್ಷ್ಮಣತೀರ್ಥದ್ದೋ ಎಂಬುದನ್ನು ತಿಳಿಸುವುದಿಲ್ಲ. ಅದರಂತೆಯೇ ತಮ್ಮ ಪ್ಯಾಕೇಜಿನಲ್ಲಿ ಏನನ್ನು ತಿದ್ದಲಾಗಿದೆ ಎಂಬುದು ನಿರ್ವಾಹಕಕ್ಕೆ ತಿಳಿದಿರುವುದಿಲ್ಲ. ಇದರಿಂದ ಉಂಟಾಗುವ ಸಂದರ್ಭಗಳು ಇಂತಿವೆ:

(ಅ) ಸ್ವಂತ ಪ್ಯಾಕೇಜಿಗೂ ಭಂಡಾರದ ಪ್ಯಾಕೇಜಿಗೂ ಒಂದೇ ಆವೃತ್ತಿ ಸಂಖ್ಯೆ ಇರುವುದು. ಸಂಖ್ಯೆ ಒಂದೇ ಇದ್ದು ಪ್ಯಾಕೇಜಿನ ಇತರ ವಿವರಗಳು ಭಿನ್ನವಾಗಿದ್ದಲ್ಲಿ, ಆಪ್ಟ್ ಅಳವಡಿಸಿರುವುದನ್ನು ಬಿಟ್ಟು ಭಂಡಾರದಲ್ಲಿರುವುದನ್ನು ಅಳವಡಿಸುತ್ತದೆ. ಅತ್ಯಂತ ಸಾಮಾನ್ಯವಾಗಿ ಕಂಡುಬರುವ ಕಾರಣ ಇದೇ ಆಗಿರುತ್ತದೆ.

(ಆ) ಸ್ವಂತ ಪ್ಯಾಕೇಜಿನ ಸಂಖ್ಯೆ ಭಂಡಾರದ ಸಂಖ್ಯೆಗಿಂತ ಕಡಿಮೆ ಇರುವುದು. ಇಂತಹ ಸಂದರ್ಭದಲ್ಲಿ ನಿರ್ವಾಹಕದ ದೃಷ್ಟಿಯಲ್ಲಿ ನಡೆದದ್ದು ಮೇಲ್ದರ್ಜೆಗೆ ಏರಿಸುವ ಕ್ರಮ. ಬಳಕೆದಾರರ ದೃಷ್ಟಿಯಲ್ಲಿ ಅದು ಇಳಿಕೆ.

(ಇ) ಪ್ಯಾಕೇಜು ಮಾಡದೆ, ‘ಮೇಕ್ ಇನ್‌ಸ್ಟಾಲ್’ ಆದೇಶದಿಂದ ಅಥವಾ ಕೈಯಿಂದಲೇ, ವ್ಯವಸ್ಥೆಯ ಕಡತಗಳ ಮೇಲೆ ಸ್ವಂತ ಕಡತಗಳನ್ನು ಬರೆದಿರುವುದು. ಈ ಬದಲಾವಣೆ ಡಿಪಿಕೆಜಿಯ ದಾಖಲೆಯಲ್ಲಿ ಇರುವುದಿಲ್ಲವಾದ್ದರಿಂದ ಮುಂದಿನ ಪರಿಷ್ಕರಣೆಯಲ್ಲಿ ಅಳಿಸಿಹೋಗುತ್ತದೆ.

(ಈ) ಭಂಡಾರಕ್ಕೆ 1000 ಅಥವಾ ಅದಕ್ಕಿಂತ ಹೆಚ್ಚಿನ ಆದ್ಯತಾಂಕವನ್ನು ನಿಗದಿಪಡಿಸಿರುವುದು. ಆಪ್ಟ್ ಸಾಮಾನ್ಯವಾಗಿ ಹೆಚ್ಚಿನ ಸಂಖ್ಯೆಯ ಆವೃತ್ತಿಯಿಂದ ಕಡಿಮೆ ಸಂಖ್ಯೆಯ ಆವೃತ್ತಿಗೆ ಇಳಿಸುವುದಿಲ್ಲ. ಆದ್ಯತಾಂಕವು 1000ಕ್ಕೆ ತಲುಪಿದಾಗ ಮಾತ್ರ ಅಂತಹ ಇಳಿಕೆಗೂ ಅವಕಾಶವಾಗುತ್ತದೆ.

4. ಮೊದಲು ಕೈಗೊಳ್ಳಬೇಕಾದ ಪರಿಶೀಲನೆ

ಯಾವುದೇ ಕ್ರಮಕ್ಕೆ ಮುನ್ನ ‘ಆಪ್ಟ್ ಪಾಲಿಸಿ’ ಎಂಬ ಆದೇಶದೊಂದಿಗೆ ಪ್ಯಾಕೇಜಿನ ಹೆಸರನ್ನು ನಮೂದಿಸಿ ನೋಡತಕ್ಕದ್ದು. ಉತ್ತರದಲ್ಲಿ ಈಗ ಅಳವಡಿಕೆಯಾಗಿರುವ ಆವೃತ್ತಿ, ಮುಂದಿನ ಪರಿಷ್ಕರಣೆಯಲ್ಲಿ ಬರಲಿರುವ ಆವೃತ್ತಿ, ಹಾಗೂ ಪ್ರತಿಯೊಂದು ಆವೃತ್ತಿಯ ಆದ್ಯತಾಂಕ ಕಂಡುಬರುತ್ತವೆ. ಮೊದಲೆರಡು ಒಂದೇ ಆಗಿದ್ದು, ಅದು ತಮ್ಮ ಸ್ವಂತ ಆವೃತ್ತಿಯೇ ಆಗಿದ್ದಲ್ಲಿ ಸದ್ಯಕ್ಕೆ ಅಪಾಯವಿಲ್ಲ. ಎರಡೂ ಸಂಖ್ಯೆ ಒಂದೇ ಆಗಿದ್ದು ಸ್ವಂತ ಗುರುತು ಇಲ್ಲದಿದ್ದಲ್ಲಿ 3(ಅ)ದಲ್ಲಿ ವಿವರಿಸಿದ ಅಪಾಯವಿರುತ್ತದೆ.

ಪರಿಷ್ಕರಣೆಯನ್ನು ನಿಜವಾಗಿ ಮಾಡದೆ ಅದರ ಪರಿಣಾಮವನ್ನು ಮಾತ್ರ ನೋಡಲು ‘ಆಪ್ಟ್ ಅಪ್‌ಗ್ರೇಡ್’ ಆದೇಶದೊಂದಿಗೆ ‘ಸಿಮ್ಯುಲೇಟ್’ ಎಂಬ ಆಯ್ಕೆಯನ್ನು ಸೇರಿಸಬಹುದು. ಪಟ್ಟಿಯಲ್ಲಿ ತಮ್ಮ ಪ್ಯಾಕೇಜಿನ ಹೆಸರು ಇದ್ದರೆ ಮುಂದುವರಿಯದೆ ಕೆಳಕಂಡ ವಿಧಾನಗಳಲ್ಲಿ ಒಂದನ್ನು ಅನುಸರಿಸುವುದು.

5. ತಡೆಯುವ ವಿಧಾನಗಳು

5.1 ಪ್ರತ್ಯೇಕ ಸ್ಥಳದಲ್ಲಿ ಇರಿಸುವುದು

ಸಾಧ್ಯವಿರುವ ಕಡೆಯಲ್ಲೆಲ್ಲ ಇದೇ ಉತ್ತಮ ವಿಧಾನ. ‘ಯುಎಸ್ಆರ್’ ಕೋಶದೊಳಗಿನ ‘ಲೋಕಲ್’ ಕೋಶವು ಸ್ಥಳೀಯವಾಗಿ ಸಿದ್ಧಪಡಿಸಿದ ತಂತ್ರಾಂಶಕ್ಕೆಂದೇ ಮೀಸಲಾಗಿದ್ದು, ಪ್ಯಾಕೇಜು ನಿರ್ವಾಹಕವು ಅಲ್ಲಿನ ಕಡತಗಳನ್ನು ಮುಟ್ಟುವುದಿಲ್ಲ. ಕನ್ನಡಕ್ಕೆ ಸಂಬಂಧಿಸಿದಂತೆ ಎರಡು ಸಂದರ್ಭಗಳನ್ನು ಗಮನಿಸಬಹುದು.

ಕೀಲಿಮಣೆ: ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ ಕ-ಗ-ಪ ವಿನ್ಯಾಸವು ಲಿನಕ್ಸ್‌ನಲ್ಲಿ ‘ಎಂ17ಎನ್’ ಎಂಬ ಸಂಗ್ರಹದಲ್ಲಿಯೂ ಲಭ್ಯವಿದೆ. ಆ ಸಂಗ್ರಹದ ವಿನ್ಯಾಸ ಕಡತವನ್ನು ತಿದ್ದಬಯಸುವವರು ವ್ಯವಸ್ಥೆಯ ಕಡತವನ್ನೇ ತಿದ್ದದೆ, ಅದರ ಪ್ರತಿಯನ್ನು ತಮ್ಮ ಮನೆಕೋಶದಲ್ಲಿ ‘ಡಾಟ್ ಎಂ17ಎನ್ ಡಾಟ್ ಡಿ’ ಎಂಬ ಕೋಶದೊಳಗೆ ಇರಿಸಿ, ವಿನ್ಯಾಸಕ್ಕೆ ಬೇರೆ ಹೆಸರನ್ನು ಕೊಟ್ಟು ತಿದ್ದತಕ್ಕದ್ದು. ಬಳಿಕ ‘ಐಬಸ್’ ಅನ್ನು ಪುನಃ ಆರಂಭಿಸಿ, ಕೀಲಿಮಣೆಗಳ ಪಟ್ಟಿಯಿಂದ ಹೊಸ ಹೆಸರನ್ನು ಆಯ್ದುಕೊಳ್ಳುವುದು. ಇದಕ್ಕೆ ಪ್ಯಾಕೇಜನ್ನು ಪುನಃ ಸಿದ್ಧಪಡಿಸುವ ಅಗತ್ಯವೇ ಇರುವುದಿಲ್ಲ.

ಅಕ್ಷರಶೈಲಿ: ಗುಬ್ಬಿ, ನವಿಲು, ಲೋಹಿತ್ ಮುಂತಾದ ಕನ್ನಡ ಅಕ್ಷರಶೈಲಿಗಳು ಡೆಬಿಯನ್‌ನಲ್ಲಿ ಪ್ಯಾಕೇಜುಗಳಾಗಿ ದೊರೆಯುತ್ತವೆ. ತಿದ್ದಿದ ಅಕ್ಷರಶೈಲಿಗೆ ಬೇರೆ ಹೆಸರಿಟ್ಟು ‘ಯುಎಸ್ಆರ್, ಲೋಕಲ್, ಶೇರ್, ಫಾಂಟ್ಸ್’ ಎಂಬ ಅನುಕ್ರಮದ ಕೋಶದಲ್ಲಿ ಇರಿಸಿ, ‘ಎಫ್‌ಸಿ-ಕ್ಯಾಶ್’ ಆದೇಶವನ್ನು ನೀಡುವುದು. ಹೆಸರನ್ನು ಬದಲಿಸದಿದ್ದಲ್ಲಿ ಒಂದೇ ಹೆಸರಿನ ಎರಡು ಅಕ್ಷರಶೈಲಿಗಳಲ್ಲಿ ಯಾವುದು ಬಳಕೆಯಾಗುತ್ತಿದೆ ಎಂಬುದು ತಿಳಿಯದೆ ಗೊಂದಲವಾಗುತ್ತದೆ.

5.2 ಆವೃತ್ತಿ ಸಂಖ್ಯೆಗೆ ಸ್ವಂತ ಗುರುತು ಸೇರಿಸುವುದು

ಪ್ಯಾಕೇಜನ್ನೇ ಸಿದ್ಧಪಡಿಸಬೇಕಾದಲ್ಲಿ, ಭಂಡಾರದ ಸಂಖ್ಯೆಯ ಕೊನೆಗೆ ಅಧಿಕ ಚಿಹ್ನೆಯೊಂದಿಗೆ ಗುರುತನ್ನು ಸೇರಿಸತಕ್ಕದ್ದು. ಉದಾಹರಣೆಗೆ:

ಭಂಡಾರದ ಆವೃತ್ತಿ: 1.8.0-3
ಸ್ವಂತ ಆವೃತ್ತಿ: 1.8.0-3+ಲೋಕಲ್1

ಡೆಬಿಯನ್ ನಿಯಮದಂತೆ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿನದು. ಆದ್ದರಿಂದ ಭಂಡಾರದ 1.8.0-3 ಮರಳಿ ಬರುವುದಿಲ್ಲ. ಮುಂದೆ 1.8.0-4 ಪ್ರಕಟವಾದಾಗ ಅದು ಹೆಚ್ಚಿನದಾಗಿರುವುದರಿಂದ ಸ್ವಂತ ಪ್ಯಾಕೇಜಿನ ಸ್ಥಾನಕ್ಕೆ ಬರುತ್ತದೆ. ಆಗ ತಿದ್ದುಪಡಿಯನ್ನು ಹೊಸ ಆವೃತ್ತಿಗೂ ಅಳವಡಿಸಿ 1.8.0-4+ಲೋಕಲ್1 ಎಂದು ಪುನಃ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ.

ಅಧಿಕ ಚಿಹ್ನೆಯ ಬದಲು ಅಲೆಯಾಕಾರದ ಟಿಲ್ಡ್ ಚಿಹ್ನೆಯನ್ನು (~) ಬಳಸಬಾರದು. ಟಿಲ್ಡ್ ಇರುವ ಸಂಖ್ಯೆಯು ಅದಿಲ್ಲದ ಸಂಖ್ಯೆಗಿಂತ ಕಡಿಮೆ ಎಂದು ಪರಿಗಣಿತವಾಗುವುದರಿಂದ, 1.8.0-3~ಲೋಕಲ್1 ಎಂಬುದು 1.8.0-3ಕ್ಕಿಂತ ಹಿಂದಿನದಾಗಿ, ತಡೆಯಬೇಕಾದ ಇಳಿಕೆಗೆ ತಾನೇ ದಾರಿ ಮಾಡಿಕೊಡುತ್ತದೆ.

ಗುರುತು ಸೇರಿಸಲು ‘ಡಿಸಿಎಚ್’ ಎಂಬ ಉಪಕರಣವನ್ನು ‘ಲೋಕಲ್’ ಆಯ್ಕೆಯೊಂದಿಗೆ ಬಳಸಬಹುದು. ಇದು ಬದಲಾವಣೆಗಳ ದಾಖಲೆಯಲ್ಲಿ ಹೊಸ ನಮೂದನ್ನು ತೆರೆಯುತ್ತದೆ. ಏನನ್ನು ಏಕೆ ತಿದ್ದಲಾಯಿತು ಎಂಬುದನ್ನು ಅಲ್ಲಿಯೇ ಒಂದೆರಡು ವಾಕ್ಯಗಳಲ್ಲಿ ಬರೆದಿಡುವುದು ಸೂಕ್ತ.

5.3 ಪ್ಯಾಕೇಜನ್ನು ತಡೆಹಿಡಿಯುವುದು

‘ಆಪ್ಟ್-ಮಾರ್ಕ್ ಹೋಲ್ಡ್’ ಆದೇಶದೊಂದಿಗೆ ಪ್ಯಾಕೇಜಿನ ಹೆಸರನ್ನು ನಮೂದಿಸಿದಲ್ಲಿ, ಆ ಪ್ಯಾಕೇಜನ್ನು ಪರಿಷ್ಕರಣೆಯಿಂದ ಹೊರಗಿಡಲಾಗುತ್ತದೆ. ತಾನಾಗಿಯೇ ನಡೆಯುವ ಪರಿಷ್ಕರಣೆಯೂ ಈ ಗುರುತನ್ನು ಮಾನ್ಯ ಮಾಡುತ್ತದೆ. ತಡೆಹಿಡಿದ ಪ್ಯಾಕೇಜುಗಳ ಪಟ್ಟಿಗೆ ‘ಆಪ್ಟ್-ಮಾರ್ಕ್ ಶೋಹೋಲ್ಡ್’, ತಡೆಯನ್ನು ತೆರವುಗೊಳಿಸಲು ‘ಆಪ್ಟ್-ಮಾರ್ಕ್ ಅನ್‌ಹೋಲ್ಡ್’ ಆದೇಶಗಳನ್ನು ಬಳಸುವುದು. ಇವುಗಳಲ್ಲಿ ತಡೆಹಿಡಿಯಲು ಮತ್ತು ತೆರವುಗೊಳಿಸಲು ಆಡಳಿತಗಾರರ ಅಧಿಕಾರ, ಅಂದರೆ ‘ಸುಡೊ’, ಅಗತ್ಯ.

ಈ ವಿಧಾನ ಸುಲಭವಾದರೂ ತಾತ್ಕಾಲಿಕವೆಂದು ತಿಳಿಯತಕ್ಕದ್ದು. ತಡೆಹಿಡಿದ ಪ್ಯಾಕೇಜಿಗೆ ಭದ್ರತಾ ಪರಿಷ್ಕರಣೆಗಳೂ ಬರುವುದಿಲ್ಲ. ಇಡೀ ವ್ಯವಸ್ಥೆಯನ್ನು ಮುಂದಿನ ಬಿಡುಗಡೆಗೆ ಏರಿಸುವಾಗಲೂ ಅದು ಅಡ್ಡಿಯಾಗಬಹುದು.

5.4 ಆದ್ಯತಾಂಕ ನಿಗದಿಪಡಿಸುವುದು

‘ಇಟಿಸಿ, ಆಪ್ಟ್, ಪ್ರಿಫರೆನ್ಸಸ್ ಡಾಟ್ ಡಿ’ ಎಂಬ ಅನುಕ್ರಮದ ಕೋಶದಲ್ಲಿ ಒಂದು ಕಡತವನ್ನು ಇರಿಸಿ, ಮೂರು ಸಾಲುಗಳಲ್ಲಿ ಪ್ಯಾಕೇಜಿನ ಹೆಸರು, ಅನ್ವಯವಾಗುವ ಆವೃತ್ತಿ ಮತ್ತು ಆದ್ಯತಾಂಕವನ್ನು ನಮೂದಿಸಬಹುದು. ಆದ್ಯತಾಂಕಗಳ ಪರಿಣಾಮ ಇಂತಿದೆ:

1000 ಮತ್ತು ಹೆಚ್ಚು: ಇಳಿಕೆಯಾದರೂ ಸರಿ, ಈ ಆವೃತ್ತಿಯೇ ಇರತಕ್ಕದ್ದು.
990: ಬಳಕೆದಾರರು ಗುರಿಯಾಗಿ ಆಯ್ದ ಬಿಡುಗಡೆಗೆ ಸಾಮಾನ್ಯವಾಗಿ ದೊರೆಯುವ ಅಂಕ.
500: ಸಾಮಾನ್ಯ ಭಂಡಾರದ ಪ್ಯಾಕೇಜುಗಳಿಗೆ ದೊರೆಯುವ ಅಂಕ.
100: ಅಳವಡಿಕೆಯಾಗಿರುವ, ಆದರೆ ಭಂಡಾರದಲ್ಲಿಲ್ಲದ ಆವೃತ್ತಿಗೆ ದೊರೆಯುವ ಅಂಕ.
ಸೊನ್ನೆಗಿಂತ ಕಡಿಮೆ: ಈ ಆವೃತ್ತಿಯನ್ನು ಅಳವಡಿಸಕೂಡದು.

ಸ್ವಂತ ಪ್ಯಾಕೇಜಿಗೆ ದೊರೆಯುವುದು 100 ಮಾತ್ರ, ಭಂಡಾರದ್ದಕ್ಕೆ 500 ಎಂಬುದನ್ನು ಗಮನಿಸುವುದು. ‘ಲೋಕಲ್’ ಗುರುತುಳ್ಳ ಆವೃತ್ತಿಗಳಿಗೆ 1001 ಆದ್ಯತಾಂಕವನ್ನು ನೀಡಿದಲ್ಲಿ ಭಂಡಾರದ ಯಾವುದೇ ಆವೃತ್ತಿ ಅದನ್ನು ಸ್ಥಾನಾಂತರಿಸಲಾರದು. ಪ್ಯಾಕೇಜಿನ ಹೆಸರಿನ ಸ್ಥಳದಲ್ಲಿ ‘ಎಲ್ಲವೂ’ ಎಂಬರ್ಥದ ನಕ್ಷತ್ರ ಚಿಹ್ನೆಯನ್ನು ಬಳಸಬಾರದು. ಸಂಬಂಧಪಟ್ಟ ಪ್ಯಾಕೇಜಿನ ಹೆಸರನ್ನೇ ಬರೆಯತಕ್ಕದ್ದು.

5.5 ಒಂದೇ ಕಡತವನ್ನು ಬದಲಿಸಬೇಕಾದಲ್ಲಿ

ದೊಡ್ಡ ಪ್ಯಾಕೇಜಿನ ಒಂದು ಕಡತವನ್ನು ಮಾತ್ರ ಬದಲಿಸಬೇಕಿದ್ದು, ಅದನ್ನು ಬೇರೆಡೆ ಇರಿಸಲು ಸಾಧ್ಯವಿಲ್ಲದಿದ್ದಲ್ಲಿ, ‘ಡಿಪಿಕೆಜಿ-ಡೈವರ್ಟ್’ ಆದೇಶವನ್ನು ಬಳಸಬಹುದು. ಇದರಿಂದ ಭಂಡಾರದ ಕಡತವು ಪರಿಷ್ಕರಣೆಯಾದಾಗಲೆಲ್ಲ ಬೇರೊಂದು ಹೆಸರಿನಲ್ಲಿ ಉಳಿಯುತ್ತದೆ. ಸ್ವಂತ ಕಡತವು ತನ್ನ ಸ್ಥಳದಲ್ಲಿಯೇ ಇರುತ್ತದೆ. ಪ್ಯಾಕೇಜಿನ ಉಳಿದ ಭಾಗಕ್ಕೆ ಪರಿಷ್ಕರಣೆಗಳು ಯಥಾಪ್ರಕಾರ ಬರುತ್ತವೆ.

6. ಇತರ ವ್ಯವಸ್ಥೆಗಳನ್ನು ಬಳಸುವವರಿಗೆ

ಫೆಡೋರಾ: ‘ಡಿಎನ್ಎಫ್’ ನಿರ್ವಾಹಕದ ‘ಡಿಸ್ಟ್ರೋ-ಸಿಂಕ್’ ಆದೇಶವು ಯಂತ್ರದಲ್ಲಿರುವುದನ್ನು ಭಂಡಾರದೊಂದಿಗೆ ಸರಿಹೊಂದಿಸುವಾಗ ಹೆಚ್ಚಿನ ಸಂಖ್ಯೆಯ ಪ್ಯಾಕೇಜುಗಳನ್ನು ಇಳಿಸುವುದೂ ಉಂಟು. ‘ವರ್ಶನ್‌ಲಾಕ್’ ಸೌಲಭ್ಯದಿಂದ ಆವೃತ್ತಿಯನ್ನು ಸ್ಥಿರಗೊಳಿಸಬಹುದು.

ಓಪನ್‌ಸೂಸೆ: ‘ಜಿಪ್ಪರ್’ ನಿರ್ವಾಹಕದ ‘ಡಪ್’ ಆದೇಶದಿಂದಲೂ ಇಳಿಕೆ ಸಾಧ್ಯ. ‘ಆಡ್‌ಲಾಕ್’ ಆದೇಶದಿಂದ ತಡೆಯಬಹುದು.

ಆರ್ಚ್: ‘ಪ್ಯಾಕ್‌ಮನ್’ ನಿರ್ವಾಹಕಕ್ಕೆ ‘ಯು’ ಅಕ್ಷರವನ್ನು ಎರಡು ಬಾರಿ ನೀಡಿದಾಗ ಇಳಿಕೆಗೂ ಅನುಮತಿ ನೀಡಿದಂತಾಗುತ್ತದೆ. ಅದರ ಸಂರಚನಾ ಕಡತದಲ್ಲಿ ‘ಇಗ್ನೋರ್‌ಪಿಕೆಜಿ’ ಸಾಲಿನಲ್ಲಿ ಪ್ಯಾಕೇಜಿನ ಹೆಸರನ್ನು ಬರೆದು ಹೊರಗಿಡಬಹುದು.

7. ಈಗಾಗಲೇ ಇಳಿಕೆಯಾಗಿದ್ದಲ್ಲಿ

(ಅ) ‘ವಾರ್, ಲಾಗ್, ಆಪ್ಟ್’ ಎಂಬ ಅನುಕ್ರಮದ ಕೋಶದಲ್ಲಿರುವ ‘ಹಿಸ್ಟರಿ’ ಎಂಬ ದಾಖಲೆ ಕಡತವನ್ನು ತೆರೆದು, ಯಾವ ದಿನ, ಯಾವ ಆದೇಶದಿಂದ, ಯಾವ ಆವೃತ್ತಿಯಿಂದ ಯಾವ ಆವೃತ್ತಿಗೆ ಬದಲಾಯಿತು ಎಂಬುದನ್ನು ನೋಡುವುದು.

(ಆ) ತಾವು ಸಿದ್ಧಪಡಿಸಿದ್ದ ಪ್ಯಾಕೇಜು ಕಡತವಿದ್ದಲ್ಲಿ ಅದನ್ನು ‘ಡಿಪಿಕೆಜಿ’ ಮೂಲಕ ಪುನಃ ಅಳವಡಿಸಿ, ಕೂಡಲೇ 5ನೇ ಕಂಡಿಕೆಯ ಒಂದು ವಿಧಾನವನ್ನು ಅನುಸರಿಸುವುದು. ಸ್ವಂತ ಪ್ಯಾಕೇಜು ಯಾವ ಭಂಡಾರದಲ್ಲಿಯೂ ಇರುವುದಿಲ್ಲವಾದ್ದರಿಂದ ಅದನ್ನು ಮತ್ತೆ ತಂದುಕೊಡುವವರು ಯಾರೂ ಇಲ್ಲ. ಪ್ಯಾಕೇಜು ಕಡತವನ್ನೂ ತಿದ್ದಿದ ಮೂಲ ಸಂಕೇತವನ್ನೂ ಪೆನ್‌ಡ್ರೈವ್‌ನಂತಹ ಬೇರೊಂದು ಸಾಧನದಲ್ಲಿ ಕಾಯ್ದಿರಿಸತಕ್ಕದ್ದು.

(ಇ) ಇಳಿಕೆಯಾದ ದಿನದಿಂದ ಈಚೆಗೆ ಕನ್ನಡದಲ್ಲಿ ಭರ್ತಿ ಮಾಡಿದ ಅರ್ಜಿಗಳ ಸ್ವೀಕೃತಿ ಪತ್ರಗಳನ್ನು ತೆಗೆದು ಹೆಸರುಗಳನ್ನು ಮತ್ತೊಮ್ಮೆ ಪರಿಶೀಲಿಸುವುದು. ಅಕ್ಷರಶೈಲಿ ಮಾತ್ರ ಹಳೆಯದಾಗಿದ್ದರೆ ತೊಂದರೆ ತೆರೆಯ ಮೇಲಿನ ರೂಪದಲ್ಲಿ ಮಾತ್ರ ಇದ್ದು, ಸಲ್ಲಿಕೆಯಾದ ಯೂನಿಕೋಡ್ ಅಕ್ಷರಗಳು ಸರಿಯಾಗಿಯೇ ಇರುತ್ತವೆ. ಕೀಲಿಮಣೆಯ ವಿನ್ಯಾಸವೇ ಹಳೆಯದಾಗಿದ್ದರೆ ಸಲ್ಲಿಕೆಯಾದ ಅಕ್ಷರಗಳೇ ಬೇರೆಯಾಗಿರುವ ಸಂಭವವಿದೆ. ಈ ವ್ಯತ್ಯಾಸವನ್ನು ಅರಿತು ಮುಂದಿನ ಕ್ರಮ ಕೈಗೊಳ್ಳುವುದು.

8. ಎಚ್ಚರಿಕೆಗಳು

ಸ್ವಂತ ಪ್ಯಾಕೇಜನ್ನು ಉಳಿಸಿಕೊಳ್ಳುವುದೆಂದರೆ ಅದರ ಪಾಲನೆಯ ಹೊಣೆಯನ್ನೂ ಹೊರುವುದೆಂದು ಅರ್ಥ. ಡೆಬಿಯನ್‌ನ ಭದ್ರತಾ ಪರಿಷ್ಕರಣೆಗಳಿಗೆ ಸಾಮಾನ್ಯವಾಗಿ 1.8.0-3+ಡೆಬ್12ಯು1 ಎಂಬ ಮಾದರಿಯ ಸಂಖ್ಯೆ ಇರುತ್ತದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ‘ಡೆಬ್’ ಪದದ ಮೊದಲಕ್ಷರವು ‘ಲೋಕಲ್’ ಪದದ ಮೊದಲಕ್ಷರಕ್ಕಿಂತ ಹಿಂದೆ ಬರುವುದರಿಂದ, 1.8.0-3+ಲೋಕಲ್1 ಅನ್ನೇ ನಿರ್ವಾಹಕವು ಹೆಚ್ಚಿನದೆಂದು ಪರಿಗಣಿಸಿ ಭದ್ರತಾ ಪರಿಷ್ಕರಣೆಯನ್ನು ಬದಿಗಿರಿಸುತ್ತದೆ. ಈ ಬಗ್ಗೆ ಯಾವುದೇ ಸೂಚನೆ ತೆರೆಯ ಮೇಲೆ ಮೂಡುವುದಿಲ್ಲ. ಆದ್ದರಿಂದ ‘ಆಪ್ಟ್ ಪಾಲಿಸಿ’ ಆದೇಶದ ಆವೃತ್ತಿ ಪಟ್ಟಿಯನ್ನು ಆಗಾಗ್ಗೆ ನೋಡಿ, ಭದ್ರತಾ ಆವೃತ್ತಿ ಬಂದಿದ್ದಲ್ಲಿ ಅದರ ಮೂಲ ಸಂಕೇತದ ಮೇಲೆಯೇ ತಿದ್ದುಪಡಿಯನ್ನು ಅಳವಡಿಸಿ ಪುನಃ ಸಿದ್ಧಪಡಿಸಿಕೊಳ್ಳತಕ್ಕದ್ದು.

ಕೀಲಿಮಣೆ ವಿನ್ಯಾಸ, ಅಕ್ಷರಶೈಲಿಗಳಂತಹ ಪ್ಯಾಕೇಜುಗಳನ್ನು ತಡೆಹಿಡಿಯುವುದರಿಂದ ಅಪಾಯ ಕಡಿಮೆ. ಜಾಲವೀಕ್ಷಕ, ಗೂಢಲಿಪಿ ತಂತ್ರಾಂಶ ಮುಂತಾದವುಗಳನ್ನು ತಡೆಹಿಡಿಯುವುದು ಸೂಕ್ತವಲ್ಲ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ನಮೂದಿಸುವ ಯಂತ್ರದಲ್ಲಿ ಹಳೆಯ ಜಾಲವೀಕ್ಷಕವನ್ನು ಉಳಿಸಿಕೊಳ್ಳಬಾರದು.

ಗ್ರಂಥಾಲಯ, ಕಾಲೇಜು ಅಥವಾ ಸೇವಾ ಕೇಂದ್ರದ ಗಣಕಯಂತ್ರದಲ್ಲಿ ಮೇಲ್ಕಂಡ ಬದಲಾವಣೆಗಳನ್ನು ಅಲ್ಲಿನ ಯಂತ್ರದ ಹೊಣೆ ಹೊತ್ತವರ ಅನುಮತಿಯಿಲ್ಲದೆ ಮಾಡಕೂಡದು. ಮಾಡಿದ ಬದಲಾವಣೆಯನ್ನು ದಿನಾಂಕ ಸಹಿತ ಬರೆದಿಡುವುದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆವೃತ್ತಿ ಸಂಖ್ಯೆಯನ್ನು ಒಮ್ಮೆಲೇ 1000 ಎಂದು ಏರಿಸಿಬಿಟ್ಟರೆ ಸಾಲದೇ?
ಉತ್ತರ: ತಡೆಯೇನೋ ಆಗುತ್ತದೆ. ಆದರೆ ಮುಂದೆಂದೂ ಭಂಡಾರದ ಆವೃತ್ತಿ ತಾನಾಗಿ ಬರುವುದಿಲ್ಲ. ಬಂದ ಸುಧಾರಣೆಗಳಾವುವೂ ತಮಗೆ ತಲುಪುವುದಿಲ್ಲ. ಆದ್ದರಿಂದ ಈ ಕ್ರಮ ಸಲಹಾರ್ಹವಲ್ಲ.

ಪ್ರಶ್ನೆ: ಪರಿಷ್ಕರಣೆಯನ್ನೇ ಪೂರ್ಣವಾಗಿ ನಿಲ್ಲಿಸಬಹುದೇ?
ಉತ್ತರ: ನಿಲ್ಲಿಸಬಾರದು. ಒಂದು ಪ್ಯಾಕೇಜಿನ ಸಲುವಾಗಿ ಇಡೀ ವ್ಯವಸ್ಥೆಯ ಭದ್ರತೆಯನ್ನು ಬಿಟ್ಟುಕೊಟ್ಟಂತಾಗುತ್ತದೆ.

ಪ್ರಶ್ನೆ: ತಡೆಹಿಡಿದ ಪ್ಯಾಕೇಜನ್ನು ಕೈಯಿಂದ ಅಳವಡಿಸಿದರೆ ತಡೆ ಉಳಿಯುತ್ತದೆಯೇ?
ಉತ್ತರ: ಆಪ್ಟ್ ಮೂಲಕ ಹೆಸರಿಸಿ ಅಳವಡಿಸಲು ಹೋದಾಗ ತಡೆಹಿಡಿದ ಪ್ಯಾಕೇಜು ಬದಲಾಗುವುದೆಂಬ ಎಚ್ಚರಿಕೆ ಬರುತ್ತದೆ. ಡಿಪಿಕೆಜಿ ಮೂಲಕ ಹಳೆಯ ಕಡತವನ್ನು ನೇರವಾಗಿ ನೀಡಿದಲ್ಲಿ ಇಳಿಕೆಯ ಎಚ್ಚರಿಕೆ ನೀಡಿದರೂ ಅದು ಅಳವಡಿಸಿಬಿಡುತ್ತದೆ. ಕಡತದ ಹೆಸರನ್ನು ಓದಿ ಮುಂದುವರಿಯುವುದು.

ಪ್ರಶ್ನೆ: ನನ್ನ ತಿದ್ದುಪಡಿ ಇತರರಿಗೂ ಉಪಯುಕ್ತವಾಗಿದ್ದಲ್ಲಿ ಏನು ಮಾಡಬೇಕು?
ಉತ್ತರ: ಮೂಲ ತಂತ್ರಾಂಶವನ್ನು ನಿರ್ವಹಿಸುವವರಿಗೆ ಕಳುಹಿಸಿಕೊಡುವುದು. ಅಂಗೀಕೃತವಾದಲ್ಲಿ ಮುಂದಿನ ಆವೃತ್ತಿಯಲ್ಲಿ ಅದು ಭಂಡಾರದಿಂದಲೇ ಬರುತ್ತದೆ. ಆಗ ತಡೆಯ ಅಗತ್ಯವೇ ಇರುವುದಿಲ್ಲ. ಇದೇ ಶಾಶ್ವತ ಪರಿಹಾರ.

10. ಅರ್ಜಿ ಸಲ್ಲಿಸುವ ಮುನ್ನ ಪರಿಶೀಲನಾ ಪಟ್ಟಿ

1. ಕಳೆದ ಬಾರಿ ಅರ್ಜಿ ಸಲ್ಲಿಸಿದ ನಂತರ ಯಂತ್ರವು ಪರಿಷ್ಕರಣೆಗೊಂಡಿದೆಯೇ?
2. ‘ಆಪ್ಟ್ ಪಾಲಿಸಿ’ಯಲ್ಲಿ ಸ್ವಂತ ಗುರುತಿನ ಆವೃತ್ತಿಯೇ ಅಳವಡಿಕೆಯಾಗಿದೆಯೇ?
3. ಕೀಲಿಮಣೆಗಳ ಪಟ್ಟಿಯಲ್ಲಿ ಸ್ವಂತ ಹೆಸರಿನ ವಿನ್ಯಾಸವೇ ಆಯ್ಕೆಯಾಗಿದೆಯೇ?
4. ಅರ್ಜಿದಾರರ ಹೆಸರು, ತಂದೆ ಅಥವಾ ಪತಿಯ ಹೆಸರು, ಗ್ರಾಮ ಮತ್ತು ಹೋಬಳಿಯ ಹೆಸರುಗಳು ದಾಖಲೆಯಲ್ಲಿರುವಂತೆಯೇ ಮೂಡಿವೆಯೇ?
5. ಸ್ವಂತ ಪ್ಯಾಕೇಜಿನ ಪ್ರತಿ ಬೇರೆಡೆ ಸುರಕ್ಷಿತವಾಗಿದೆಯೇ?

ಮೇಲ್ಕಂಡ ಎಲ್ಲವೂ ಸರಿಯಿದ್ದಲ್ಲಿ ಮಾತ್ರ ಅರ್ಜಿಯನ್ನು ಸಲ್ಲಿಸಿ, ಸ್ವೀಕೃತಿ ಪತ್ರವನ್ನು ಮುದ್ರಿಸಿಕೊಳ್ಳತಕ್ಕದ್ದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.